ಹದಿನೇಳು ದಿನ ದೊಡ್ಡವನು

ಈ ಮಾತನ್ನು ಯಾರಿಗೂ ಹೇಳಬಾರದು ಅಂದುಕೊಂಡಿದ್ದೆ... ಒಳಗೇ ಇಟ್ಟುಕೊಂಡರೆ ತಡೆಯಲಾಗುತ್ತಿಲ್ಲ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ನನಗೆ ಅರವತ್ನಾಲ್ಕು ವರ್ಷ. ಗದಗಿನಲ್ಲಿ ಲಗ್ನಪತ್ರಿಕೆ ಮುದ್ರಿಸುವ ಪ್ರೆಸ್ ಇದೆ.

ಮಾನಪ್ಪ ನನ್ನ ಗೆಳೆಯ. ಬೆಟಗೇರಿಯಲ್ಲಿ ಬಡಿಗತನ ಮಾಡುತ್ತಿದ್ದ. ಒಂದನೇ ತರಗತಿಯಿಂದ ಜೊತೆಗೇ ಬೆಳೆದವರು ನಾವು... ಅವನು ನನಗಿಂತ ಹದಿನೇಳು ದಿನ ದೊಡ್ಡವನು.

ಆ ಹದಿನೇಳು ದಿನವನ್ನು ಅವನು ಜೀವನಪೂರ್ತಿ ಬಿಟ್ಟುಕೊಡಲಿಲ್ಲ.

ನಮ್ಮ ಕಡೆ ವಿಜಯದಶಮಿಯ ಸಂಜೆ ಬನ್ನಿ ಎಲೆ ಕೊಡುವ ಪದ್ಧತಿ. ಚಿಕ್ಕವರು ದೊಡ್ಡವರ ಮನೆಗೆ ಹೋಗಿ, ಎಲೆ ಕೊಟ್ಟು ಕಾಲು ಮುಟ್ಟಬೇಕು. ದೊಡ್ಡವರು ತಿರುಗಿ ಎಲೆ ಕೊಟ್ಟು "ಬಂಗಾರದಂಗ ಇರು" ಅನ್ನಬೇಕು.

ಹಾಗಾಗಿ ಪ್ರತಿ ವರ್ಷ ನಾನೇ ಅವನ ಮನೆಗೆ ಹೋಗುತ್ತಿದ್ದೆ.

ಅವನು ಗತ್ತಿನಿಂದ ಕಾಲು ಮುಂದೆ ಚಾಚಿ, "ಬಗ್ಗಲೇ ಗುರ್ಯಾ, ಹಿರ್ಯಾರಿಗೆ ನಮಸ್ಕಾರ ಮಾಡಾಕ ನಾಚಿಕಿ ಏನು?" ಅನ್ನುತ್ತಿದ್ದ. ನಾನು ಬಗ್ಗುವ ಮೊದಲೇ ಎಳೆದು ಅಪ್ಪಿಕೊಳ್ಳುತ್ತಿದ್ದ.

ವಯಸ್ಸಾದಂತೆ ಉಳಿದ ಭೇಟಿಗಳೆಲ್ಲ ಕಡಿಮೆಯಾದವು. ಆದರೆ ಬನ್ನಿ ಮಾತ್ರ ತಪ್ಪಿರಲಿಲ್ಲ...

ಎರಡು ವರ್ಷದ ಹಿಂದೆ ದಸರಾ ಹೊತ್ತಿಗೆ ಪ್ರೆಸ್ಸಿನಲ್ಲಿ ಕೈತುಂಬ ಕೆಲಸ, ಯಾರ ಮನೆಗೂ ಹೋಗಲಿಲ್ಲ. ಬನ್ನಿ ಎಲೆಯದೊಂದು ಫೋಟೋ ಡಿಸೈನ್ ಮಾಡಿಸಿದೆ. ಕೆಳಗೆ ನನ್ನ ಹೆಸರು, ಪ್ರೆಸ್ಸಿನ ಹೆಸರು ಹಾಕಿ ಮುನ್ನೂರು ಜನಕ್ಕೆ ವಾಟ್ಸಾಪ್ ಮಾಡಿದೆ.

ಆ ಮುನ್ನೂರರಲ್ಲಿ ಮಾನಪ್ಪನೂ ಒಬ್ಬ.

ಯಾರ್ಯಾರೋ ಉತ್ತರ ಕಳಿಸಿದರು. ಅವನು ಕಳಿಸಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಫೋನ್ ಮಾಡಿ ಕೇಳಬಹುದಿತ್ತು... ಮಾಡಲಿಲ್ಲ.

ಕೆಲವು ತಿಂಗಳಾದ ಮೇಲೆ ತರಕಾರಿ ಮಾರ್ಕೆಟ್ಟಿನಲ್ಲಿ ಅವನನ್ನು ಕಂಡೆ. ಹೆಂಡತಿ ಕಾಳವ್ವ ವೈನಿಯ ಹೆಗಲ ಮೇಲೆ ಕೈಯಿಟ್ಟುಕೊಂಡಿದ್ದ. ವೈನಿ ಬಗ್ಗಿ ಬದನೆಕಾಯಿ ಆರಿಸುತ್ತಿದ್ದರು.

ಅವನು ನಾಲ್ಕು ಹೆಜ್ಜೆ ದೂರದಲ್ಲಿ, ನನ್ನ ಕಡೆಗೇ ಮುಖ ಮಾಡಿ ನಿಂತಿದ್ದ... ಮಾತಾಡಲಿಲ್ಲ. ನಗಲೂ ಇಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ, "ಈ ವಯಸ್ಸಿನ್ಯಾಗ ಹೆಂಡ್ತಿ ಹೆಗಲ ಮ್ಯಾಲ ಕೈ ಹಾಕ್ಕೊಂಡು ಸಂತಿ ಮಾಡ್ತಾನ. ನನ್ನ ಕೂಡ ಮಾತಾಡಾಕ ಮಾತ್ರ ಬಿಂಕ."

"ಹೋಗಿ ಕೇಳಬಾರದೇನ್ರಿ?" ಅಂದಳು.

"ಬೇಕಾದ್ರ ಅವನೇ ಬರ್ಲಿ" ಅಂದೆ.

ಮರುವರ್ಷವೂ ಬನ್ನಿ ಕೊಡಲು ಹೋಗಲಿಲ್ಲ. ಈ ವರ್ಷವೂ ಹೋಗಲಿಲ್ಲ. ಪ್ರೆಸ್ಸಿಗೆ ಬಂದವರೊಬ್ಬರು "ಮಾನಪ್ಪ ಕೆಲಸ ಬಿಟ್ಟಾನಂತ" ಅಂದಾಗಲೂ, "ಮಗ ದುಡೀತಾನ, ಕುಂತು ಉಣ್ಣಲಿ ಬಿಡ್ರಿ" ಅಂದು ಮಾತು ಮುರಿದೆ.

ನನ್ನ ಮನೆಯಿಂದ ಅವನ ಮನೆಗೆ ಸ್ಕೂಟರಿನಲ್ಲಿ ಹತ್ತು ನಿಮಿಷ. ಬಿಂಕ ಯಾರದಾಗಿತ್ತು ಅಂತ ಈಗ ಗೊತ್ತಾಗುತ್ತದೆ.

ಈ ಸಲ ದಸರಾ ಮುಗಿದ ಒಂಬತ್ತನೇ ದಿನ... ಶಾಲೆಯ ಗೆಳೆಯರ ಗ್ರೂಪಿನಲ್ಲಿ ಒಂದು ಸಾವಿನ ಸುದ್ದಿ ಬಂತು. ಸಾಲಾಗಿ ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದ್ದರು. ನಾನೂ ರೂಢಿಯಂತೆ "ಓಂ ಶಾಂತಿ" ಅಂತ ಕಳಿಸಿದೆ.

ಆಮೇಲೆ ಮೇಲಕ್ಕೆ ಸರಿಸಿ ಹೆಸರು ಓದಿದೆ.

ಮಾನಪ್ಪ ಬಡಿಗೇರ.

ನಾನು ಅವನ ಮನೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಎಲ್ಲರೂ ವಾಪಸ್ ಬಂದಿದ್ದರು.

ಕಾಳವ್ವ ವೈನಿ ಗೋಡೆಗೆ ಒರಗಿ ಕೂತಿದ್ದರು. ಎದುರಿಗೆ ಕೂತೆ. ಕೇಳಿದೆ... "ಅವಗ ನನ್ನ ಮ್ಯಾಲ ಯಾಕ ಸಿಟ್ಟಿತ್ತು ವೈನಿ?"

ಅವರು ತಲೆಯೆತ್ತಿ ನೋಡಿದರು.

"ಸಿಟ್ಟು ಯಾತರದು ಗುರಣ್ಣ? ಅವರಿಗೆ ಕಣ್ಣ ಹೋಗಿದ್ವು... ಸಕ್ರಿ ಬ್ಯಾನಿಯಿಂದ. ಎರಡೂವರಿ ವರ್ಷ ಆತು. ನಿಮಗ ಯಾರೂ ಹೇಳಲಿಲ್ಲೇನು?"

ಮಾರ್ಕೆಟ್ಟು ನೆನಪಾಯಿತು. ವೈನಿಯ ಹೆಗಲ ಮೇಲಿದ್ದ ಆ ಕೈ ನೆನಪಾಯಿತು... ಕಣ್ಣು ಕಾಣದವನಿಗೆ ನಾನು ಎಲೆಯ ಫೋಟೋ ಕಳಿಸಿದ್ದೆ. ಉತ್ತರ ಬರಲಿಲ್ಲವೆಂದು ಹಗೆ ಸಾಧಿಸಿದ್ದೆ.

"ಒಂದು ಮಾತು ತಿಳಿಸಬಾರದಿತ್ತೇನು ವೈನಿ?"

"ನಾ ಫೋನ್ ಹಚ್ತೀನಿ ಅಂತಿದ್ದೆ. ಅವರೇ ಬ್ಯಾಡ ಅನ್ನೋರು. 'ಕಣ್ಣ ಹೋದುವಂತ ಮರುಗಿ ಬರೋದು ಬ್ಯಾಡ. ಬನ್ನಿ ಕೊಡಾಕ ಹೆಂಗೂ ಬರ್ತಾನ, ನನಗಿಂತ ಸಣ್ಣಾಂವ ಅದಾನ' ಅಂತಿದ್ರು."

ಹೊಸ್ತಿಲ ಕಡೆ ಕೈ ತೋರಿಸಿ ಮತ್ತೆ ಹೇಳಿದರು.

"ಮೂರೂ ದಸರಾಕ್ಕ, ಮಡಿಚಿಟ್ಟ ಧೋತರ ಉಟ್ಟು, ಬಾಗಲಾ ತೆಗೆಸಿ ಇಲ್ಲೇ ಕುಂತಿದ್ರು. ಯಾರದರ ಚಪ್ಪಲಿ ಸಪ್ಪಳಾದ್ರ ಸಾಕು, 'ಗುರ್ಯಾ ಬಂದನೇನ?' ಅಂತ ಕೇಳೋರು. ನಾ ಇಲ್ಲ ಅನ್ನಾಕಿ. ಮೊನ್ನಿ ದಸರಾಕ್ಕ ಎಷ್ಟು ಸಲ ಕೇಳಿದ್ರೋ... ಇಲ್ಲ, ಇಲ್ಲ ಅಂತ ಹೇಳಿ ಹೇಳಿ ನನಗ ಸಾಕಾತು."

ಅವನು ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಸಿಟ್ಟಾಗಿದ್ದವನು ನಾನೊಬ್ಬನೇ. ಅವನು ಬರೀ ಕಾಯುತ್ತಿದ್ದ...

ವೈನಿಯ ಕಾಲು ಹಿಡಿದು ಅತ್ತೆ. "ತಪ್ಪಾತು ವೈನಿ. ಅವತ್ತ ಬರಬೇಕಾಗಿತ್ತು ನಾ. ಈಗ ಬಂದೀನಿ..."

ಅವರು ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದರು.

"ಬಂದ್ರಿ, ಖರೆ... ನೀವು ಬಂದ್ರಿ ಅಂತ ನಾ ಈಗ ಯಾರಿಗೆ ಹೇಳ್ಲಿ ಗುರಣ್ಣ?"

ಗೆಳೆಯ ಸುಮ್ಮನಿದ್ದರೆ ಮನೆಯಲ್ಲಿ ಕೂತು ಅರ್ಥ ಹುಡುಕಬೇಡಿ, ಎದ್ದು ಹೋಗಿ ಕೇಳಿ.

ನಿಮ್ಮ ಚಪ್ಪಲಿ ಸಪ್ಪಳಕ್ಕಾಗಿ ಕಿವಿಗೊಟ್ಟು ಕೂತಿರುವವರು ಯಾರು... ಅವರ ಮನೆಗೆ ಎಷ್ಟು ನಿಮಿಷದ ದಾರಿ?