ಐದನೇ ಗಡಿಪಾರು

"ಔಟ್! ಔಟ್!" ಎಂದು ಸಟನ್ನಿನ ಚರ್ಚ್ ಶಾಲೆಯ ಮಕ್ಕಳು ಕೂಗಿದರು. ಬಿಷಪ್ ಅಥನೇಸಿಯಸನ ಪಾತ್ರದಲ್ಲಿದ್ದ ಒಂಬತ್ತು ವರ್ಷದ ವಿಭಾ ಐದನೇ ಸಲ ವೇದಿಕೆ ಇಳಿದಳು. ಯೇಸು ಪೂರ್ತಿ ದೇವರಲ್ಲ ಎಂದವರನ್ನು ಎದುರು ಹಾಕಿಕೊಂಡ ಆ ಬಿಷಪ್ಪನನ್ನು ಚಕ್ರವರ್ತಿಗಳು ಐದು ಸಲ ಗಡಿಪಾರು ಮಾಡಿದ್ದರು.

ಅವಳಪ್ಪ ಮಧುಸೂದನ್‌ಗೆ ಚಪ್ಪಾಳೆ ತಟ್ಟಲಾಗಲಿಲ್ಲ. ಕೆಲಸ ಹೋಗಿತ್ತು. ವೀಸಾ ರದ್ದಾದ ಪತ್ರ ಬೆಳಿಗ್ಗೆ ಬಂದಿತ್ತು. ಅರವತ್ತು ದಿನದಲ್ಲಿ ದೇಶ ಬಿಡಬೇಕು. ಮಗಳಿಗೆ ಇನ್ನೂ ಹೇಳಿರಲಿಲ್ಲ.

ನಾಟಕ ಮುಗಿದೊಡನೆ ವಿಭಾ ರಟ್ಟಿನ ಟೋಪಿ ಹಾಕಿಕೊಂಡೇ ಓಡಿ ಬಂದಳು.

"ಯಾಕಪ್ಪಾ ಸ್ಯಾಡ್? ಹಿ ಆಲ್ವೇಸ್ ಕಮ್ಸ್ ಬ್ಯಾಕ್!"

"ಚೆನ್ನಾಗ್ ಮಾಡ್ದೆ ಪುಟ್ಟಿ."

"ನೆಕ್ಸ್ಟ್ ಇಯರ್ ಕೂಡ ನಾನೇ ಬಿಷಪ್. ಪ್ಲೀಸ್, ಮಿಸ್‌ನ ಕೇಳಪ್ಪಾ."

ಮಧುಸೂದನ್ ಅವಳ ವಾಲಿದ ಟೋಪಿಯನ್ನು ನೇರ ಮಾಡಿದ. ಆಮೇಲೆ ಮಿಸ್ ಹತ್ತಿರ ಹೋಗಿ ಕೇಳಿದ.