ಹದಿನೇಳನೆಯ ಬೊಡ್ಡೆ

ರೇವಮ್ಮ ಮುರಿದ ಮರದ ಬೊಡ್ಡೆಗೆ ಕೊಡ ಬಗ್ಗಿಸುತ್ತಿದ್ದಂತೆಯೇ ವಾಮನ ಓಡಿಬಂದು ಅದರ ಕಂಠ ಹಿಡಿದ. “ನಿಲ್ಲ ಬೇ! ಇದಕ್ಕ ನೀರು ಹಾಕಂಗಿಲ್ಲ!”

“ಎರಡು ತಿಂಗಳಿಂದ ದಿನಾ ಹಾಕಾಕತ್ತೇನ್ರಿ ಸಾಹೇಬ್ರ. ನಿಮಗ ಇವತ್ತ ಕಂಡ್ತೇನು?”

ನಿಜಾಮನ ಜಂಗಲ್ ಖಾತೆಯ ಅಧಿಕಾರಿ ವಾಮನ, ಬೊಡ್ಡೆಗೆ ತಾನೇ ಹೊಡೆದಿದ್ದ ತಗಡಿನ ನಂಬರು ನೋಡಿದ. ಹದಿನೇಳು. ಬಿರುಗಾಳಿಗೆ ಸರಸಂಬಾದ ಗುಡ್ಡದಲ್ಲಿ ಮುರಿದುಬಿದ್ದ ನಲವತ್ತು ಮರಗಳಲ್ಲಿ ಚಿಗುರಿದ್ದು ಇದೊಂದೇ. ಇದನ್ನೇ ನಂಬಿ, ಅಡವಿ ತಾನಾಗಿಯೇ ಬೆಳೆಯುತ್ತದೆ, ಗುಡ್ಡವನ್ನು ಇದ್ದಿಲಿನ ಗುತ್ತೇದಾರನಿಗೆ ಕೊಡಬೇಡಿ ಎಂದು ಅವನು ನಿನ್ನೆಯಷ್ಟೇ ಹೈದರಾಬಾದಿಗೆ ಬರೆದಿದ್ದ.

“ಯಾಕ ಹಾಕಿದಿ?”

“ಗಾಳಿ ಎದ್ದ ದಿನ ನಮ್ಮ ಮನಿಯವರು ಇದರ ಕೆಳಗ ಸಿಕ್ಕಿದ್ರು. ನೀರು, ನೀರು ಅಂದ್ರು. ನಾ ಹಳ್ಳದಿಂದ ತರೂದ್ರಾಗ ಹೋಗಿಬಿಟ್ಟಿದ್ರು.” ಅವಳು ಕೊಡ ಬಿಡಿಸಿಕೊಂಡು, ಬಾಯಿಗೆ ಬಿಡುವ ಹಾಗೆ, ಬೊಡ್ಡೆಯ ಸೀಳಿನೊಳಗೆ ಸಣ್ಣಗೆ ನೀರು ಬಿಟ್ಟಳು.

ವಾಮನನ ದನಿ ಕುಗ್ಗಿತು. “ಉಳಿದ ಮೂವತ್ತೊಂಬತ್ತಕ್ಕೂ ಹಾಕು, ರೇವಮ್ಮ. ದಿನಗೂಲಿ ಕೊಡಸ್ತೇನಿ. ಗುಡ್ಡ ಉಳೀತದ.”

ರೇವಮ್ಮ ಖಾಲಿ ಕೊಡವನ್ನು ಟೊಂಕಕ್ಕೇರಿಸಿದಳು.

“ಇದೂ ಉಳೀಲಿ ಅಂತ ಹಾಕಿಲ್ರಿ, ಸಾಹೇಬ್ರ. ಅವರನ್ನ ಕೊಂದ ಗಿಡ ಇದು. ನಾ ಒಲ್ಲೆ.”