ಹಳೇ ಪೀಸ್ ತನ್ನಿ

"ಆ ಮಾಡೆಲ್ ಫ್ಯಾನಾ? ಎಲ್ಲಿ ಉಳಿದಿದೆ ಯಜಮಾನ್ರೇ! ಎಲ್ಲಾನೂ ಆ ಕೊನೇ ಗುಜರಿಯವನು ಬಾಚ್ಕೊಂಡು ಹೋದ. ಹೋಗಿ, ಅವನನ್ನೇ ಕೇಳಿ."

ಮೂರನೇ ಗುಜರಿಯಲ್ಲೂ ಅದೇ ಮಾತು. ಡ್ರೈವರಣ್ಣನಿಗೆ ಪಿತ್ತ ನೆತ್ತಿಗೇರಿತು. ಕಾರಿನ ಇಂಜಿನ್ ತಣ್ಣಗಿಡುವ ಒಂದು ಪ್ಲಾಸ್ಟಿಕ್ ಫ್ಯಾನು, ಬಂಗಾರದ್ದೇನಲ್ಲ. ಅದನ್ನೂ ಗುಡ್ಡೆ ಹಾಕಿಕೊಂಡು ಜನರನ್ನು ಸುಲಿಯುವವನಿದ್ದಾನಲ್ಲ! ಚೀಲವನ್ನು ಬಗಲಲ್ಲಿ ಅವುಚಿಕೊಂಡು, ರಸ್ತೆಯಂಚನ್ನು ಕಾಲಿನಿಂದಲೇ ತಡವುತ್ತ ಮುಂದೆ ನಡೆದ.

ಹೆಸರಿಗಷ್ಟೇ ಡ್ರೈವರಣ್ಣ. ಕಣ್ಣಿಗೆ ಪೊರೆ ಬಂದ ಮೇಲೆ ಸ್ಟೀರಿಂಗ್ ಮುಟ್ಟಿಲ್ಲ. ಕಾರು ಈಗ ಮಗನ ಕೈಯಲ್ಲಿ. ಆ ಮಗನಿಗೋ, ಏನು ಗಾಳಿ ಹೊಕ್ಕಿದೆಯೋ ದೇವರೇ ಬಲ್ಲ. ಕಲ್ಲು ಸಿಡಿದು ಫ್ಯಾನು ಮುರಿಯಿತು ಅಂದವನು, ಗಾಡಿಯನ್ನು ಶೆಡ್ಡಿಗೆ ತಳ್ಳಿ ಟಾರ್ಪಾಲು ಹೊದಿಸಿಬಿಟ್ಟ. ಬಾನೆಟ್ಟಿಗೆ ಮಾತ್ರ ತಾನೇ ಬಣ್ಣ ಬಳಿದ. ಅದರ ವಾಸನೆ ಅಡುಗೆಮನೆಯವರೆಗೂ ಬಂದಿತ್ತು. ಮೇಲಿನ ಷೋಕಿ ಆಮೇಲಿರಲಿ, ಮೊದಲು ಫ್ಯಾನು ಹಾಕಿಸೋ ಮಾರಾಯ ಅಂದರೆ, "ಆ ಗಾಡಿ ಸುದ್ದಿಗೆ ಹೋಗ್ಬೇಡಿ ಅಪ್ಪ. ಬಾಡಿಗೆ ಗಾಡಿ ಕರೆಸಿದ್ರಾಯ್ತು" ಅನ್ನುತ್ತಾನೆ.

ಬಾಡಿಗೆ ಗಾಡಿಯಂತೆ! ಸೊಸೆಯ ಮೊದಲ ಹೆರಿಗೆಯಲ್ಲಿ ಸ್ವಂತ ಗಾಡಿ ಹತ್ತಿರವಿಲ್ಲದೆ, ಬಾಡಿಗೆ ಗಾಡಿಗೆ ಕಾದು ಕಾದು ಮಗು ಕೈತಪ್ಪಿ ಹೋಗಿತ್ತು. ಈಗ ಮತ್ತೆ ದಿನ ತುಂಬಿದೆ, ಇವತ್ತೋ ನಾಳೆಯೋ ಅನ್ನುವ ಹಾಗಿದೆ. ಈ ಸಲ ಸ್ವಂತ ಗಾಡಿ ಬಾಗಿಲಲ್ಲಿ ನಿಂತಿರಲೇಬೇಕು. ಮೊಮ್ಮಗುವಿನ ಮುಖ ಮಂಜುಮಂಜಾಗಿಯಾದರೂ ಸರಿ, ನೋಡಲೇಬೇಕು. ಮಗ ಹೊರಗೆ ಹೋದ ಹೊತ್ತು ನೋಡಿ, ಡ್ರೈವರಣ್ಣ ಟಾರ್ಪಾಲಿನೊಳಗೆ ನುಸುಳಿ, ಕೈಯಳತೆಯಲ್ಲೇ ಬೋಲ್ಟು ಬಿಚ್ಚಿ ಮುರಿದ ಫ್ಯಾನನ್ನು ಹೊರಗೆಳೆದಿದ್ದ. ಹಳೇ ಪೀಸ್ ಇಲ್ಲದೆ ಗುಜರಿಗೆ ಹೋಗುವವನು ಡ್ರೈವರೇ ಅಲ್ಲ. ಸ್ಯಾಂಪಲ್ ಎದುರಿಗಿಟ್ಟು ಅಳತೆ ನೋಡದಿದ್ದರೆ ಯಾವುದೋ ಮಾಲನ್ನು ತಲೆಗೆ ಕಟ್ಟಿ ಕಳಿಸುತ್ತಾರೆ.

ಕೊನೇ ಗುಜರಿಯ ಗೇಟು ಕಿರುಗುಟ್ಟಿ ತೆರೆಯಿತು. ಅವನು ಒಳಗೆ ಹೋಗುತ್ತಿದ್ದಂತೆ ಹಿಂದಿನಿಂದ ಚಿಲಕ ಬಿತ್ತು.

"ಹಳೇ ಪೀಸ್ ತಂದಿದ್ದೀರಾ?" ಗುಜರಿಯವನ ಮೊದಲ ಮಾತೇ ಅದು. "ಅದಿಲ್ದೆ ನಾನು ಯಾರಿಗೂ ಕೊಡಲ್ಲ."

"ತರ್ದೇ ಬರ್ತೀವಾ? ನಾವೂ ಗಾಡಿ ಕಸುಬಿನವ್ರೇ ಕಣ್ರೀ."

ಗುಜರಿಯವನು ನಗಲಿಲ್ಲ. ಸೊಂಟದ ಕೀ ಗೊಂಚಲನ್ನು ಝಣಝಣ ಅನ್ನಿಸುತ್ತ ಮುಂದೆ ನಡೆದ. ಗೊಂಚಲಿಗೆ ಕಟ್ಟಿದ್ದ ಕೆಂಪು ರಿಬ್ಬನ್ನು ಡ್ರೈವರಣ್ಣನ ಮಂಜುಗಣ್ಣಿಗೂ ಎದ್ದು ಕಂಡಿತು. ಇವನಿಗೂ ಷೋಕಿ ನೋಡು, ಅಂದುಕೊಂಡ.

ತಗಡಿನ ಕೋಣೆಯಲ್ಲಿ ಗೋಡೆ ತುಂಬ ಕಪ್ಪುಕಪ್ಪು ದುಂಡಗಿನ ಆಕಾರಗಳು. ಹತ್ತಿರ ಹೋಗಿ ಮುಟ್ಟಿದರೆ, ಫ್ಯಾನು. ಪಕ್ಕದ್ದೂ ಅದೇ ಮಾಡೆಲ್. ಅದರ ಪಕ್ಕದ್ದೂ ಅದೇ. ಮೊಳೆಗೆ ನೇತಾಡುತ್ತ, ಕಿಟಕಿಯ ಗಾಳಿಗೆ ಮೆಲ್ಲಗೆ ತಿರುಗುತ್ತಿದ್ದವು.

"ಅಬ್ಬಬ್ಬಾ! ಇಷ್ಟೊಂದು ಇಟ್ಕೊಂಡು ಏನ್ಮಾಡ್ತೀರಿ? ಮಾರಬಾರ್ದಾ?"

"ಮಾರೋಕಲ್ಲ. ಬೇಕಾದವ್ರು ನನ್ನ ಹತ್ರಾನೇ ಬರಲಿ ಅಂತ." ಸ್ಟೂಲು ಎಳೆದು ಕೂರಿಸಿ ಕೇಳಿದ, "ಹೇಗೆ ಮುರೀತು?"

"ಕಲ್ಲು ಸಿಡೀತಂತೆ."

"ಮುಂದೆ ಜಾಲರಿ ಇದೆ. ಅದರ ಹಿಂದೆ ರೇಡಿಯೇಟರ್ ಇದೆ. ಎರಡನ್ನೂ ದಾಟಿ ಕಲ್ಲು ಫ್ಯಾನಿಗೇ ಬಡೀತಾ?"

ಬೋಲ್ಟು ಬಿಚ್ಚುವಾಗ ಡ್ರೈವರಣ್ಣನ ಬೆರಳಿಗೂ ಅದು ಸಿಕ್ಕಿತ್ತು. ರೇಡಿಯೇಟರು ಅಂಗೈಯಗಲ ಒಳಕ್ಕೆ ತಗ್ಗಿತ್ತು. ಆದರೆ ಮಗ ಯಾಕೆ ಸುಳ್ಳು ಹೇಳುತ್ತಾನೆ? "ಇದ್ರೂ ಇರಬಹುದು ಬಿಡಿ," ಅಂದ.

"ಗಾಡಿ ಓಡಿಸೋದು ಯಾರು?"

"ಮಗ. ನನಗೆಲ್ಲಿ ಕಣ್ಣು ಕಾಣತ್ತೆ? ದಿನಾ ಇಟ್ಟಿಗೆ ಗೂಡಿನ ರಸ್ತೆಲೇ ಬರ್ತಿದ್ದ, ಅಲ್ಲಿ ಬರೀ ಕಲ್ಲು."

ಕೀ ಗೊಂಚಲ ಸದ್ದು ನಿಂತಿತು. "ಮನೆ ಎಲ್ಲಿ? ನಾನೇ ಬಂದು ಕೂರಿಸಿ ಕೊಡ್ತೀನಿ."

ಡ್ರೈವರಣ್ಣ ಕರಗಿ ನೀರಾದ. ಛೆ, ಇಂಥವನನ್ನು ಸುಲಿಗೆಕೋರ ಅಂದುಕೊಂಡೆನಲ್ಲ! ಸೊಸೆಯ ಸುದ್ದಿಯೆಲ್ಲ ಹೇಳಿಕೊಂಡ. "ನೀರಿನ ಟ್ಯಾಂಕಿನ ಹಿಂದೆ, ನೀಲಿ ಗೇಟು. ಪುಣ್ಯ ಬರ್ಲಿ ನಿಮಗೆ."

"ಸಂಜೆ ಮಗ ಮನೇಲಿರ್ತಾನಾ?"

"ಇರ್ತಾನೆ, ಇರ್ತಾನೆ. ಈಗೀಗ ಕೋಣೆ ಬಿಟ್ಟು ಹೊರಗೇ ಬರಲ್ಲ."

"ಸರಿ. ಪೀಸ್ ಕೊಡಿ."

ಡ್ರೈವರಣ್ಣ ಫ್ಯಾನನ್ನು ಮೇಜಿನ ಮೇಲಿಟ್ಟ. ಒಂದು ರೆಕ್ಕೆ ಅರ್ಧಕ್ಕೇ ಮುರಿದಿತ್ತು. ಗುಜರಿಯವನು ಗೋಡೆಯತ್ತ ತಿರುಗಲೇ ಇಲ್ಲ. ಅಂಗಿಯ ಜೇಬಿನಿಂದ ಮಡಿಸಿದ ಕರ್ಚೀಫು ತೆಗೆದು, ಅದರೊಳಗಿನ ಕಪ್ಪು ಪ್ಲಾಸ್ಟಿಕ್ ಚೂರನ್ನು ಮುರಿದ ರೆಕ್ಕೆಗೆ ತಾಗಿಸಿದ. ಡ್ರೈವರಣ್ಣ ಬಗ್ಗಿ, ಬೆರಳಾಡಿಸಿ ನೋಡಿದ. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತ್ತು.

ಅರೆ, ನಮ್ಮ ಗಾಡಿಯ ಚೂರು ಇವನ ಜೇಬಿಗೆ ಹೇಗೆ ಬಂತು?

ಇದ್ದಕ್ಕಿದ್ದಂತೆ ಮೂಗಿಗೆ ಆ ಹೊಸ ಬಣ್ಣದ ವಾಸನೆ ಅಡರಿತು.

"ಓಡಿಸೋದು ಮಗ ಅಂದ್ರಲ್ಲ?" ಗುಜರಿಯವನು ಮೆಲ್ಲಗೆ ಕೇಳಿದ.

"ಇಲ್ಲ. ನಾನೇ." ಯಾಕೆ ಹಾಗಂದನೋ ಅವನಿಗೇ ತಿಳಿಯಲಿಲ್ಲ. ಕೈ ಮೇಜಿನ ಅಂಚಿಗೆ ತಡಕಾಡುತ್ತಿತ್ತು. "ಎಲ್ರೂ ನನ್ನ ಡ್ರೈವರಣ್ಣ ಅಂತಲೇ ಕರೆಯೋದು, ಯಾರನ್ನ ಬೇಕಾದ್ರೂ ಕೇಳಿ. ಓಡಿಸಿದ್ದು ನಾನೇ ಕಣಪ್ಪ."

ಗುಜರಿಯವನು ಕೀ ಗೊಂಚಲಿನಿಂದ ಕೆಂಪು ರಿಬ್ಬನ್ನು ಬಿಚ್ಚಿ, ಚೂರನ್ನೂ ಫ್ಯಾನನ್ನೂ ಸೇರಿಸಿ ಬಿಗಿಯಾಗಿ ಕಟ್ಟಿದ.

"ಈ ಚೂರು, ಇಟ್ಟಿಗೆ ಗೂಡಿನ ರಸ್ತೆಲಿ ಬಿದ್ದಿದ್ದ ನನ್ನ ಮಗಳ ಜಡೆಯಲ್ಲಿ ಸಿಕ್ಕಿಕೊಂಡಿತ್ತು ಯಜಮಾನ್ರೇ, ಈ ರಿಬ್ಬನ್ ಪಕ್ಕದಲ್ಲೇ."